ಕೇಳಿದ ಮೇಲೆ ಕೇಳಿಸಿಕೊಳ್ಳುವುದು

ನನ್ನ ಬಳಿ ಒಂದು ಹಳೆಯ ಕ್ಯಾಸೆಟ್ ಇದೆ. ಅದರಲ್ಲಿ ರೈಲ್ವೆಯ ನಿವೃತ್ತ ಸಿಗ್ನಲ್‌ಮನ್ ಒಬ್ಬರು ಮಾತನಾಡುತ್ತಿದ್ದಾರೆ. ಇಪ್ಪತ್ತನೆಯ ನಿಮಿಷದ ಹೊತ್ತಿಗೆ ಅವರು ಹೇಳುತ್ತಾರೆ: "ಮೂವತ್ತು ವರ್ಷದಲ್ಲಿ ಕ್ಯಾಬಿನ್ನಿನೊಳಗೆ ಕಣ್ಣು ಮುಚ್ಚಿದವನಲ್ಲ ನಾನು. ಆ ಒಂದು ರಾತ್ರಿ ಮಾತ್ರ…" ಅಲ್ಲಿ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಲ್ಲಿಸುತ್ತಾರೆ. ಅಷ್ಟರಲ್ಲಿ ನನ್ನ ದನಿ ನುಗ್ಗುತ್ತದೆ: "ಸರ್, ನೀವು ಕೆಲಸಕ್ಕೆ ಸೇರಿದ್ದು ಯಾವ ವರ್ಷ?"

ಅವರು ವರ್ಷ ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಪೆನ್ನು ಕಾಗದದ ಮೇಲೆ ಓಡುವ ಸದ್ದೂ ಕ್ಯಾಸೆಟ್ಟಿನಲ್ಲಿದೆ.

ಅದು ನನ್ನ ಪಟ್ಟಿಯ ಏಳನೆಯ ಪ್ರಶ್ನೆಯಾಗಿತ್ತು. ಮನೆಗೆ ಬಂದು ಕ್ಯಾಸೆಟ್ ಹಾಕಿದಾಗಲೇ 'ಮಾತ್ರ' ಎಂಬ ಪದ ನನ್ನ ಕಿವಿಗೆ ಬಿದ್ದದ್ದು. ಮೂರು ವಾರ ಬಿಟ್ಟು ಫೋನ್ ಮಾಡಿ ಆ ರಾತ್ರಿಯ ವಿಷಯ ಕೇಳಿದರೆ, "ಅದೇನೂ ಇಲ್ಲ ಬಿಡಿ" ಎಂದರು. ಲೇಖನ ಅಚ್ಚಾಯಿತು. ಅದರಲ್ಲಿ ತಪ್ಪಿರಲಿಲ್ಲ, ಜೀವವೂ ಇರಲಿಲ್ಲ.

ನಮ್ಮ ಭಾಷೆಯಲ್ಲಿ ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ ಒಂದೇ ಕ್ರಿಯಾಪದ: ಕೇಳು. ಆ ಎರಡರಲ್ಲಿ ಮೊದಲನೆಯದಕ್ಕೆ ಮಾತ್ರ ನಾನು ತಯಾರಾಗಿ ಹೋಗಿದ್ದೆ. ಅಲ್ಲಿಂದೀಚೆಗೆ ಹತ್ತೊಂಬತ್ತು ವರ್ಷ ಪುರವಣಿಗಳಿಗಾಗಿ ದುಡಿಯುವ ಜನರ ಬದುಕನ್ನು ಬರೆಯುತ್ತಾ ಬಂದಿದ್ದೇನೆ. ಎರಡನೆಯ ಅರ್ಥದ ಕೇಳುವಿಕೆಯ ಬಗ್ಗೆ ಈ ಕೆಲಸ ಕಲಿಸಿದ್ದನ್ನು, ಸಂದರ್ಶನಕ್ಕೆ ಹೊಸದಾಗಿ ಕೂರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮದೇ ದನಿ ಕೇಳಿ

ನೀವು ಕೊನೆಯದಾಗಿ ಮಾಡಿದ ಸಂದರ್ಶನದ ರೆಕಾರ್ಡಿಂಗ್ ತೆಗೆಯಿರಿ. ಇದುವರೆಗೆ ಮಾಡಿಯೇ ಇಲ್ಲವೆಂದರೆ, ಸ್ನೇಹಿತರೊಬ್ಬರ ಜೊತೆ ಅವರ ಒಪ್ಪಿಗೆ ಪಡೆದು ಅವರ ಕೆಲಸದ ಬಗ್ಗೆ ಅರ್ಧ ಗಂಟೆ ಮಾತನಾಡಿ ರೆಕಾರ್ಡ್ ಮಾಡಿಕೊಳ್ಳಿ. ಒಂದು ಹಾಳೆ ಹಿಡಿದು ಕುಳಿತು, ಎದುರಿನವರ ವಾಕ್ಯ ಮುಗಿಯುವ ಮೊದಲೇ ನೀವು ಬಾಯಿ ಹಾಕಿದಾಗಲೆಲ್ಲ ಒಂದು ಗೆರೆ ಎಳೆಯಿರಿ. ವಾಕ್ಯ ಮುಗಿದದ್ದು ಎಂದರೆ ಕ್ರಿಯಾಪದ ಬಂದದ್ದು. ಕನ್ನಡದಲ್ಲಿ ಇದು ಸಣ್ಣ ಮಾತಲ್ಲ. "ಅಣ್ಣನನ್ನು ನಾನು ಕ್ಷಮಿಸಿ…" ಎನ್ನುವವರೆಗೆ ಕೇಳಿ ನೀವು ಒಳಗೆ ನುಗ್ಗಿದರೆ, ಅದು 'ಕ್ಷಮಿಸಿದೆ'ಯೋ, 'ಕ್ಷಮಿಸಿಲ್ಲ'ವೋ, 'ಕ್ಷಮಿಸಿಬಿಟ್ಟೆ'ಯೋ ನಿಮಗೆ ಎಂದೂ ತಿಳಿಯುವುದಿಲ್ಲ. ಹೌದು, ಇಲ್ಲ ಎರಡನ್ನೂ ಬಾಲದಲ್ಲಿ ಇಟ್ಟುಕೊಂಡಿರುವ ಭಾಷೆ ಇದು. ಬಾಲ ಕತ್ತರಿಸಿದರೆ ಉಳಿಯುವುದು ನಿಮ್ಮ ಊಹೆ.

ನನ್ನ ಮೊದಲ ಹಾಳೆಯಲ್ಲಿ ನಲವತ್ತೊಂದು ಗೆರೆಗಳಿದ್ದವು. ಮಾತು ಕತ್ತರಿಸುವುದು ಹೊಸಬರ ದೋಷ ಮಾತ್ರವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಫಿಷರ್ ಮತ್ತು ಎಡ್ವರ್ಡ್ ಗೈಸೆಲ್‌ಮನ್ 1980ರ ದಶಕದಲ್ಲಿ ಅನುಭವಿ ಪೊಲೀಸ್ ಅಧಿಕಾರಿಗಳು ಸಾಕ್ಷಿಗಳೊಡನೆ ನಡೆಸಿದ ಮಾತುಕತೆಯ ಟೇಪುಗಳನ್ನು ಪರಿಶೀಲಿಸಿದರು. ಸಾಕ್ಷಿ ನಡೆದದ್ದನ್ನು ಹೇಳಲು ಶುರು ಮಾಡಿದ ಮೇಲೆ ಅಧಿಕಾರಿ ಅಡ್ಡ ಬರಲು ತೆಗೆದುಕೊಂಡ ಸಮಯ ಸರಾಸರಿ ಏಳೂವರೆ ಸೆಕೆಂಡು! ವೈದ್ಯರೂ ಇದಕ್ಕೆ ಹೊರತಲ್ಲ. 1984ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ ಹದಿನೆಂಟು ಸೆಕೆಂಡಿನಲ್ಲಿ ತಡೆದಿದ್ದರು. ಇವರೆಲ್ಲ ಕೇಳುವುದೇ ಕಸುಬಾದವರು.

ಗೆರೆಗಳನ್ನು ಎಣಿಸಿ ಹಾಳೆಯನ್ನು ಎತ್ತಿಡಿ. ಮುಂದಿನ ಸಂದರ್ಶನದ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ನನ್ನ ಗೆರೆಗಳು ಹತ್ತರೊಳಗೆ ಇಳಿಯಲು ಎರಡು ವರ್ಷ ಹಿಡಿಯಿತು.

ಮೌನ ಕಾಯುವ ಬಗೆ

ನಾವೇಕೆ ಇಷ್ಟು ಅವಸರಪಡುತ್ತೇವೆ? ಅದಕ್ಕೆ ಕಾರಣ ಕೆಟ್ಟ ನಡವಳಿಕೆಯೊಂದೇ ಅಲ್ಲ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ, ಪ್ರಶ್ನೆ ಮುಗಿದು ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಆದರೆ ಒಂದೇ ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ ನಾಲಿಗೆಗೆ ತರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಂದರೆ ಎದುರಿನವರು ಇನ್ನೂ ಮಾತನಾಡುತ್ತಿರುವಾಗಲೇ ನಾವು ನಮ್ಮ ಮಾತನ್ನು ಕಟ್ಟಲು ತೊಡಗಿರುತ್ತೇವೆ. ದಿನನಿತ್ಯದ ಹರಟೆಗೆ ಇದು ಸರಿ. ಸಂದರ್ಶನದಲ್ಲಿ ಇದೇ ಅಭ್ಯಾಸ ಉತ್ತರದ ಕೊನೆಯ ಪದಗಳನ್ನು ನುಂಗಿಬಿಡುತ್ತದೆ. ಜನ ತಮಗೆ ಮುಖ್ಯವಾದದ್ದನ್ನು ಇಡುವುದು ಆ ಕೊನೆಯಲ್ಲೇ.

ಆದ್ದರಿಂದ ಬಿಡುವನ್ನು ಬೇಕೆಂದೇ ಹಿಗ್ಗಿಸಬೇಕು. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳಲ್ಲಿ ಇದನ್ನು ಅಳೆದು ತೋರಿಸಿದರು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡು ಕೂಡ ಕಾಯುತ್ತಿರಲಿಲ್ಲ. ಅವರೇ ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಹಲವು ಪಟ್ಟು ಉದ್ದವಾದವು. ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಮೂರು ಸೆಕೆಂಡು, ಅಷ್ಟೇ.

ನಾನು ಮಾಡುವುದು ಹೀಗೆ. ಉತ್ತರ ಮುಗಿಯಿತು ಎನಿಸಿದ ಕೂಡಲೇ ಉಸಿರನ್ನು ಪೂರ್ತಿ ಒಳಗೆಳೆದು ಪೂರ್ತಿ ಹೊರಬಿಡುತ್ತೇನೆ. ಆಗ ಅವರ ಕಣ್ಣನ್ನೇ ದಿಟ್ಟಿಸುವುದಿಲ್ಲ, ಅದು ಒತ್ತಾಯವಾಗುತ್ತದೆ. ನೋಟ್‌ಬುಕ್ಕಿನ ಕಡೆ ನೋಡುತ್ತೇನೆ. ಅವರು ನನ್ನ ಮುಖ ನೋಡಿದರೆ ಮಾತು ನಿಜವಾಗಿ ಮುಗಿದಿದೆ ಎಂದರ್ಥ. ತಮ್ಮ ಅಂಗೈಯನ್ನೋ ಗೋಡೆಯ ಮೂಲೆಯನ್ನೋ ನೋಡುತ್ತಿದ್ದರೆ ಇನ್ನೂ ಒಳಗೆ ಏನನ್ನೋ ಹುಡುಕುತ್ತಿದ್ದಾರೆ, ಅಲುಗಾಡಬಾರದು. ಅಮೆರಿಕದ ಜೀವನಚರಿತ್ರೆಕಾರ ರಾಬರ್ಟ್ ಕ್ಯಾರೊ ಇಂಥ ಹೊತ್ತಿನಲ್ಲಿ ನೋಟ್‌ಬುಕ್ಕಿನಲ್ಲಿ ತಮಗೆ ತಾವೇ 'ಬಾಯಿ ಮುಚ್ಚು' ಎಂದು ಸಂಕ್ಷಿಪ್ತವಾಗಿ, ಎರಡೇ ಇಂಗ್ಲಿಷ್ ಅಕ್ಷರಗಳಲ್ಲಿ, ಬರೆದುಕೊಳ್ಳುತ್ತಾರೆ. ಅವರ ಹಳೆಯ ನೋಟ್‌ಬುಕ್ಕುಗಳ ತುಂಬ ಆ ಎರಡು ಅಕ್ಷರಗಳಿವೆಯಂತೆ. ನಾನು ಬರೆಯುವುದು ಒಂದು ಚುಕ್ಕೆ.

ಎಲ್ಲ ಮೌನವೂ ಕಾಯತಕ್ಕದ್ದಲ್ಲ, ಅದನ್ನೂ ಹೇಳಬೇಕು. ನೋವಿನಿಂದ ಗಂಟಲು ಕಟ್ಟಿದವರನ್ನು ಮೌನದಲ್ಲಿ ಒಂಟಿಯಾಗಿ ಬಿಡುವುದು ಕ್ರೌರ್ಯ. ಆಗ ರೆಕಾರ್ಡರ್ ನಿಲ್ಲಿಸಿ, "ಇದನ್ನು ಇಲ್ಲಿಗೇ ಬಿಡೋಣವೇ?" ಎಂದು ಕೇಳಿ. ಬಿಡೋಣ ಎಂದರೆ ಬಿಡಿ.

ಇನ್ನು ಹೂಂಗುಟ್ಟುವುದು. ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕು ಎಂಬುದು ನಿಜ. ಆದರೆ ರೆಕಾರ್ಡಿಂಗ್ ಕೇಳಿದಾಗ ನನಗೆ ತಿಳಿದದ್ದೇನೆಂದರೆ, ರೋಚಕವಾದದ್ದು ಬಂದಾಗ ನನ್ನ 'ಹೂಂ' ಜೋರಾಗುತ್ತಿತ್ತು, ಸಾಧಾರಣವಾದದ್ದು ಬಂದಾಗ ಸಣ್ಣಗಾಗುತ್ತಿತ್ತು. ಎದುರಿನವರು ಅದನ್ನು ಹಿಡಿದುಬಿಡುತ್ತಾರೆ. ನನಗೆ ಏನು ಬೇಕೋ ಅದನ್ನೇ ಹೆಚ್ಚು ಹೆಚ್ಚು ಕೊಡತೊಡಗುತ್ತಾರೆ, ಸಾಧಾರಣ ದಿನಗಳೆಲ್ಲ ಮಾಯವಾಗುತ್ತವೆ. ಒಬ್ಬರ ಬದುಕು ಇರುವುದೇ ಸಾಧಾರಣ ದಿನಗಳಲ್ಲಿ. ಈಗ ತಲೆಯಾಡಿಸುತ್ತೇನೆ, ಎಲ್ಲಕ್ಕೂ ಒಂದೇ ಸಮನಾಗಿ.

ಪ್ರಶ್ನೆಯನ್ನು ಉತ್ತರದೊಳಗಿಂದ ತೆಗೆಯುವುದು

ಪಟ್ಟಿ ಬೇಡವೆಂದು ನಾನು ಹೇಳುವುದಿಲ್ಲ. ತಯಾರಿ ಇಲ್ಲದೆ ಹೋಗುವುದು ಎದುರಿನವರಿಗೆ ಮಾಡುವ ಅವಮಾನ. ಆದರೆ ಪ್ರಶ್ನೆಗಳ ಬದಲು ನಾಲ್ಕೈದು ವಿಷಯಗಳನ್ನು ಮಾತ್ರ ಬರೆದು, ಹಾಳೆಯನ್ನು ಮಡಚಿ ಜೇಬಿನಲ್ಲಿಡಿ. ವರ್ಷ, ಹುದ್ದೆ, ಹೆಸರಿನ ಕಾಗುಣಿತ, ಇವನ್ನೆಲ್ಲ ಮೊದಲೇ ಓದಿ ತಿಳಿದುಕೊಳ್ಳಿ, ಉಳಿದದ್ದನ್ನು ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಿ. ಹೊರಡುವ ಮುಂಚೆ ಹಾಳೆ ತೆಗೆದು ನೋಡಿ. ಬಹುಪಾಲು ವಿಷಯಗಳು ತಾವಾಗಿಯೇ ಬಂದುಹೋಗಿರುತ್ತವೆ.

ಮುಂದಿನ ಪ್ರಶ್ನೆಗೆ ಬೇಕಾದ ಪದ ಹಿಂದಿನ ಉತ್ತರದಲ್ಲಿ ಇರುತ್ತದೆ. ತೀವ್ರ ನಿಗಾ ಘಟಕದಲ್ಲಿ ಹದಿನಾಲ್ಕು ವರ್ಷ ರಾತ್ರಿ ಪಾಳಿ ಮಾಡಿದ ನರ್ಸ್ ಒಬ್ಬರನ್ನು ಈ ಕೆಲಸದಲ್ಲಿ ಕಷ್ಟ ಯಾವುದು ಎಂದು ಕೇಳಿದೆ. "ಸದ್ದು" ಎಂದರು. ನಾನು ಅದೇ ಪದವನ್ನು ಮರಳಿ ಅವರ ಮುಂದಿಟ್ಟೆ: "ಸದ್ದು?" ಅವರು ತುಸು ಹೊತ್ತು ಬಿಟ್ಟು ಹೇಳಿದರು: "ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಕೆಲಸ ಮುಗಿಸಿ ಬೀಪ್ ಎನ್ನುತ್ತದಲ್ಲ, ನಿದ್ದೆಯಲ್ಲೇ ಎದ್ದು ಹೋಗಿ ಗೋಡೆಗೆ ಕೈ ಚಾಚಿ ನಿಂತಿರುತ್ತೇನೆ. ಭುಜದ ಎತ್ತರಕ್ಕೆ. ಮಾನಿಟರ್‌ನ ಗುಂಡಿ ಇರುವುದು ಅಷ್ಟೇ ಎತ್ತರದಲ್ಲಿ." 'ಒತ್ತಡವನ್ನು ಹೇಗೆ ನಿಭಾಯಿಸುತ್ತೀರಿ' ಎಂದು ನಾನು ಕೇಳಿದ್ದರೆ ಆ ಕೈ ನನಗೆ ಕಾಣುತ್ತಿರಲಿಲ್ಲ.

ನಿಮ್ಮ ಪದವನ್ನು ಅವರ ಬಾಯಿಗೆ ತುರುಕಬೇಡಿ. ಇದರ ಅಪಾಯ ಎಷ್ಟೆಂಬುದನ್ನು ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ತೋರಿಸಿದ್ದಾರೆ. ಕಾರು ಅಪಘಾತಗಳ ಅವೇ ತುಣುಕು ಚಿತ್ರಗಳನ್ನು ಎಲ್ಲರಿಗೂ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಿದರು. ಕೆಲವರಿಗೆ ಕಾರುಗಳು 'ತಾಗಿದಾಗ' ಎಂದು, ಕೆಲವರಿಗೆ 'ಅಪ್ಪಳಿಸಿದಾಗ' ಎಂದು. ಅಪ್ಪಳಿಸಿದಾಗ ಎಂದು ಕೇಳಿಸಿಕೊಂಡವರ ಅಂದಾಜಿನಲ್ಲಿ ವೇಗ ಹೆಚ್ಚಿತ್ತು. ಇದೇ ಬಗೆಯ ಮತ್ತೊಂದು ಪ್ರಯೋಗದಲ್ಲಿ ಒಂದು ವಾರದ ನಂತರ, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. 'ಅಪ್ಪಳಿಸಿದ' ಎಂಬ ಪದ ಕೇಳಿದ್ದ 50 ಮಂದಿಯಲ್ಲಿ 16 ಜನ ಕಂಡೆವು ಎಂದರು. 'ಡಿಕ್ಕಿ ಹೊಡೆದ' ಎಂಬುದನ್ನು ಕೇಳಿದ್ದ 50 ಮಂದಿಯಲ್ಲಿ ಹಾಗೆಂದವರು 7. ಒಂದು ಕ್ರಿಯಾಪದ ನೆನಪಿನೊಳಗೆ ಗಾಜು ಒಡೆಯಬಲ್ಲದು. "ಆಗ ನಿಮಗೆ ತುಂಬಾ ಭಯವಾಗಿರಬೇಕಲ್ಲವೇ?" ಎಂದು ಕೇಳುವಾಗ ನಾವು ಮಾಡುವುದೂ ಅದನ್ನೇ. "ಆಗ ಏನಾಯಿತು?" ಎಂಬುದು ಸಾಕು.

ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳಬೇಡಿ. ಜನ ಸುಲಭದ್ದಕ್ಕೆ ಮಾತ್ರ ಉತ್ತರಿಸುತ್ತಾರೆ.

ಕೈಗಳಿಗೂ ನೆನಪಿರುತ್ತದೆ

ಸಿಗ್ನಲ್‌ಮನ್ ಅವರ ಬಳಿ ನಾಲ್ಕು ವರ್ಷದ ನಂತರ ಮತ್ತೆ ಹೋದೆ. ಆ ರಾತ್ರಿಯ ಬಗ್ಗೆ ಕೇಳಲಿಲ್ಲ. ಕ್ಯಾಬಿನ್ನಿನಲ್ಲಿ ಲಿವರ್‌ಗಳು ಹೇಗಿದ್ದವು, ತೋರಿಸುತ್ತೀರಾ ಎಂದೆ. ಅವರು ಮೊಮ್ಮಗಳ ಪೆನ್ಸಿಲ್ ಡಬ್ಬ ತರಿಸಿ, ಪೆನ್ಸಿಲ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಕೆಂಪು ಬಣ್ಣದವು ಸಿಗ್ನಲ್ಲಿಗೆ, ಕಪ್ಪು ಹಳಿ ಬದಲಿಸುವ ಪಾಯಿಂಟಿಗೆ. ಯಾವುದನ್ನು ಎಳೆಯದೆ ಯಾವುದನ್ನು ಎಳೆಯಲು ಬರುವುದಿಲ್ಲ ಎಂದು ತೋರಿಸುತ್ತಾ ಹೋದರು. ಮೂರನೆಯ ಪೆನ್ಸಿಲ್ ಮೇಲೆ ಬೆರಳಿಟ್ಟು ಸುಮ್ಮನಾದರು. ನಾನು ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಟ್ಟೆ. ಆಮೇಲೆ ಅವರೇ ಹೇಳಿದರು: ಆ ರಾತ್ರಿ ಕೆಲವೇ ನಿಮಿಷ ಕಣ್ಣು ಮುಚ್ಚಿತ್ತು. ಗೂಡ್ಸ್ ಗಾಡಿ ಹೊರಗಿನ ಸಿಗ್ನಲ್ಲಿನಲ್ಲಿ ನಿಂತು ಸೀಟಿ ಹಾಕುತ್ತಿತ್ತು. ಎಚ್ಚರವಾಗಿ ಲಿವರ್ ಎಳೆದರು. ಚಾಲಕ ಯಾರಿಗೂ ದೂರು ಕೊಡಲಿಲ್ಲ. "ಏನೂ ಆಗಲಿಲ್ಲ" ಎಂಬುದನ್ನು ಮೂರು ಸಲ ಹೇಳಿದರು. ಕೊನೆಯಲ್ಲಿ, "ಬರೆಯಿರಿ, ಹೆಸರು ಮಾತ್ರ ಬೇಡ" ಎಂದರು.

ಫಿಷರ್ ಮತ್ತು ಗೈಸೆಲ್‌ಮನ್ ರೂಪಿಸಿದ ವಿಚಾರಣೆಯ ಕ್ರಮದ ಒಂದು ಮುಖ್ಯ ಅಂಗವೂ ಇದೇ: ನೆನಪನ್ನು ಕೇಳುವ ಮೊದಲು ಆ ನೆನಪು ಹುಟ್ಟಿದ ಸನ್ನಿವೇಶವನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಿಸುವುದು. ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ತಮ್ಮನನ್ನು ಕ್ಯಾರೊ ಆ ಅಣ್ಣತಮ್ಮಂದಿರ ಬಾಲ್ಯದ ಮನೆಗೇ ಕರೆದೊಯ್ದು, ಊಟದ ಮೇಜಿನಲ್ಲಿ ಹುಡುಗನಾಗಿದ್ದಾಗ ಕೂರುತ್ತಿದ್ದ ಜಾಗದಲ್ಲಿ ಕೂರಿಸಿ, ತಾವು ಕಣ್ಣಿಗೆ ಬೀಳದಂತೆ ಹಿಂದೆ ಕುಳಿತು ತಂದೆಗೂ ಲಿಂಡನ್‌ಗೂ ಆಗುತ್ತಿದ್ದ ಜಗಳಗಳ ಬಗ್ಗೆ ಕೇಳಿದರು. ನಿಮಗೆ ಅಷ್ಟೆಲ್ಲ ಸಾಧ್ಯವಾಗದಿದ್ದರೂ ಪೆನ್ಸಿಲ್ ಡಬ್ಬವಂತೂ ಸಿಗುತ್ತದೆ. ದರ್ಜಿಯ ಕೈಗೆ ಕತ್ತರಿ ಕೊಡಿ, ಚಾಲಕರನ್ನು ಚಾಲಕರ ಸೀಟಿನಲ್ಲೇ ಕೂರಿಸಿ ಮಾತನಾಡಿಸಿ.

ಸಣ್ಣ ಪದಗಳು, ಸಣ್ಣ ಪ್ರತ್ಯಯಗಳು

ನನ್ನ ಕಿವಿ ಅತ್ಯಂತ ಹೆಚ್ಚು ಕಲಿತದ್ದು ಇಲ್ಲಿ. ಸಂದರ್ಶನದಲ್ಲಿ ದೊಡ್ಡ ಪದಗಳು, ಅಂದರೆ ತ್ಯಾಗ, ಹೋರಾಟ, ಸಾರ್ಥಕತೆ ಇತ್ಯಾದಿ, ಹೆಚ್ಚೇನೂ ಹೇಳುವುದಿಲ್ಲ. ಅವು ಎಲ್ಲರ ಬಾಯಲ್ಲೂ ಒಂದೇ. ಮನುಷ್ಯ ಸಿಕ್ಕುವುದು ಪ್ರತ್ಯಯದಲ್ಲಿ.

'ನಾನು' ಎಂದು ಮಾತನಾಡುತ್ತಿದ್ದವರು ಯಾವ ವಾಕ್ಯದಲ್ಲಿ 'ನಾವು' ಎನ್ನತೊಡಗುತ್ತಾರೆ? "ನಾನು ವರದಿ ಬರೆದೆ, ನಾನು ಸಹಿ ಹಾಕಿದೆ, ಆಮೇಲೆ ನಾವು ಅದನ್ನು ಕಳಿಸಲಿಲ್ಲ." ಆ 'ನಾವು' ಯಾರು ಎಂದು ಮೆಲ್ಲಗೆ ಕೇಳಿ. 'ಬಾಗಿಲು ಹಾಕಿದೆ' ಎಂಬುದಕ್ಕೂ 'ಬಾಗಿಲು ಹಾಕಿಬಿಟ್ಟೆ' ಎಂಬುದಕ್ಕೂ ನಡುವೆ ಒಂದು ಪಶ್ಚಾತ್ತಾಪವೋ ಒಂದು ಬಿಡುಗಡೆಯೋ ಇರುತ್ತದೆ. ಎರಡರಲ್ಲಿ ಯಾವುದೆಂದು ನೀವೇ ತೀರ್ಮಾನಿಸಬೇಡಿ, ಕೇಳಿ. 'ಅಂತೆ' ಬಂದರೆ ಅದು ಅವರು ಕಂಡದ್ದಲ್ಲ, ಯಾರಿಂದಲೋ ಕೇಳಿದ್ದು. ಯಾರಿಂದ ಎಂದು ತಿಳಿದುಕೊಳ್ಳದೆ ಅದನ್ನು ಸಂಗತಿಯಂತೆ ಬರೆದರೆ ನೀವು ಗಾಳಿಮಾತನ್ನು ಅಚ್ಚು ಹಾಕಿದಿರಿ. 'ಏನೋ', 'ಹೇಗೋ' ಬಂದಲ್ಲಿ ಒಂದು ಮುಚ್ಚಿದ ಬಾಗಿಲಿದೆ: "ಹೇಗೋ ಹಣ ಹೊಂದಿಸಿದೆ." ಮತ್ತು 'ಮಾತ್ರ'. ಆ ಪದದ ಮುಂದೆ ನಾನೀಗ ಯಾವಾಗಲೂ ನಿಲ್ಲುತ್ತೇನೆ.

ಗೌರವದ ಬಹುವಚನವನ್ನು ವಿಶೇಷವಾಗಿ ಕೇಳಿಸಿಕೊಳ್ಳಿ. ಅದೇ ನರ್ಸ್ ತಮ್ಮ ಹಿರಿಯ ವೈದ್ಯರೊಬ್ಬರ ಬಗ್ಗೆ ಮುಕ್ಕಾಲು ಗಂಟೆ 'ಅವರು ಬಂದರು, ಅವರು ಹೇಳಿದರು' ಎಂದೇ ಮಾತನಾಡಿದರು. ಒಂದು ಕಡೆ ಮಾತ್ರ, "ಆ ಹುಡುಗನ ತಾಯಿ ಹೊರಗೆ ಕಾಯುತ್ತಿದ್ದಳು, ಅವನು ಹಿಂದಿನ ಬಾಗಿಲಿನಿಂದ ಹೊರಟುಹೋದ" ಎಂದರು. ಮರುವಾಕ್ಯದಲ್ಲಿ ಮತ್ತೆ 'ಅವರು'. ಮಾತಿನಲ್ಲಿ ಒಮ್ಮೆ ಕೆಳಗೆ ಬಿದ್ದ ಆ ಗೌರವ ಹದಿನಾಲ್ಕು ವರ್ಷದ ಕಥೆಯನ್ನು ಹೇಳಿತು. ಟೇಪಿನಲ್ಲಿ ಮೂರನೆಯ ಸಲ ಕೇಳುವಾಗ ಅದು ನನಗೆ ಸಿಕ್ಕಿತು.

ಮನೆಗೆ ಬಂದ ಮೇಲೆ

ಅದೇ ರಾತ್ರಿ, ರೆಕಾರ್ಡಿಂಗ್ ಕೇಳುವ ಮುಂಚೆ, ನೆನಪಿನಲ್ಲಿ ಉಳಿದದ್ದನ್ನು ಒಂದು ಪುಟ ಬರೆಯಿರಿ. ಬೆಳಿಗ್ಗೆ ಕೇಳಿ ತಾಳೆ ನೋಡಿ. ನೆನಪಿನಲ್ಲಿ ಉಳಿದದ್ದು ಹೆಚ್ಚಾಗಿ ಲೇಖನದ ಆರಂಭಕ್ಕೆ ಯೋಗ್ಯವಾದದ್ದು, ಆದರೆ ಉಳಿದ ರೂಪವನ್ನು ನಂಬಬೇಡಿ. ಬೀಪ್ ಸದ್ದಿನ ಸಂಗತಿಯನ್ನು ನರ್ಸ್ ಗದ್ಗದವಾಗಿ ಹೇಳಿದರೆಂದು ನಾನು ಬರೆದಿಟ್ಟಿದ್ದೆ. ರೆಕಾರ್ಡಿಂಗಿನಲ್ಲಿ ಅವರು ನಗುತ್ತಾ ಹೇಳಿದ್ದಾರೆ. ಗದ್ಗದ ನನ್ನದು.

ಮಾತನ್ನು ಅಕ್ಷರಕ್ಕೆ ಇಳಿಸುವ ಕೆಲಸವನ್ನು ನೀವೇ ಮಾಡಿ. ಒಂದು ಗಂಟೆಯ ಮಾತಿಗೆ ನಾಲ್ಕರಿಂದ ಆರು ಗಂಟೆ ಬೇಕಾಗುತ್ತದೆ, ಬೆನ್ನು ನೋಯುತ್ತದೆ, ಗೊತ್ತು. ಮಾತನ್ನು ತಾನಾಗಿ ಬರಹಕ್ಕಿಳಿಸುವ ತಂತ್ರಾಂಶಗಳು ಯಾವ ಮಾತು ಎಲ್ಲಿದೆ ಎಂದು ಹುಡುಕಲು ಉಪಯುಕ್ತ. ಆದರೆ ಅವು ಮೌನವನ್ನೂ ನಗುವನ್ನೂ ನುಂಗುತ್ತವೆ, 'ಕ್ಷಮಿಸಿಲ್ಲ'ದ 'ಲ್ಲ' ತೇಲಿಸಿಬಿಡುತ್ತವೆ. ಮೌನ ಬಂದಲ್ಲಿ ಎಷ್ಟು ಸೆಕೆಂಡು ಎಂದು ಬರೆಯಿರಿ. ಧ್ವನಿ ಇಳಿದಲ್ಲಿ ಗುರುತು ಹಾಕಿ.

ಬರೆಯಲು ಕೂತಾಗ ಈ ಕೆಲಸ ಫಲ ಕೊಡುತ್ತದೆ. ಸಿಗ್ನಲ್‌ಮನ್ ಅವರದ್ದು ಗಿಡ್ಡ ವಾಕ್ಯಗಳು. ಒಂದು ಕೆಲಸ, ಒಂದು ಕ್ರಿಯಾಪದ, ನಿಲುಗಡೆ. ನರ್ಸ್ ಅವರದ್ದು ಎದ್ದು, ಓಡಿ, ನೋಡಿ, ಗುಂಡಿ ಒತ್ತಿ, ತಿರುಗಿ, ಪಕ್ಕದ ಹಾಸಿಗೆಗೆ ಬಂದು ಎಂದು ಹತ್ತು ಕೆಲಸ ಮುಗಿಯುವವರೆಗೂ ನಿಲ್ಲದ ವಾಕ್ಯ. ಅವರ ಬಗ್ಗೆ ಬರೆಯುವ ನನ್ನ ವಾಕ್ಯಗಳೂ ಆ ನಡಿಗೆಯನ್ನು ಕಲಿಯಬೇಕು ಎಂಬುದು ನನ್ನ ದೃಢ ನಂಬಿಕೆ. ಎಲ್ಲರನ್ನೂ ಒಂದೇ ಪತ್ರಿಕಾ ಗದ್ಯದಲ್ಲಿ ಬರೆದರೆ ಎಲ್ಲರೂ ಒಬ್ಬರೇ ಆಗಿಬಿಡುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ಓದಿ, ಆಮೇಲೆ ಎರಡು ನಿಮಿಷ ರೆಕಾರ್ಡಿಂಗ್ ಕೇಳಿ. ಎರಡೂ ಒಂದೇ ಮನೆಯವು ಎನಿಸದಿದ್ದರೆ ಮತ್ತೆ ಬರೆಯಿರಿ.

ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಚೆಂದಗಾಣಿಸಬೇಡಿ. ಉದ್ಧರಿಸಿದ ಮಾತನ್ನು ಬದಲಿಸಿದ ಮಾತ್ರಕ್ಕೆ ಅದು ಗೊತ್ತಿದ್ದೂ ಬರೆದ ಸುಳ್ಳಾಗುವುದಿಲ್ಲ, ಅರ್ಥ ಗಣನೀಯವಾಗಿ ಬದಲಾಗಿರಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಒಂದು ಮಾನನಷ್ಟ ಪ್ರಕರಣದಲ್ಲಿ ಹೇಳಿತು. ಕಾನೂನಿಗೆ ಅಷ್ಟು ಸಾಕಾಗಬಹುದು. ನನಗೆ ಸಾಲದು. ತಡವರಿಕೆ, ಪುನರುಕ್ತಿಗಳನ್ನು ಬಿಡುತ್ತೇನೆ. ಪದ ಬದಲಿಸಬೇಕಾದರೆ ಚಿಹ್ನೆ ತೆಗೆದು ನನ್ನ ಮಾತಿನಲ್ಲಿ ಹೇಳುತ್ತೇನೆ. ಸಿಗ್ನಲ್‌ಮನ್ ಅವರ ಮೂರೂ 'ಏನೂ ಆಗಲಿಲ್ಲ'ಗಳನ್ನು ಉಳಿಸಿಕೊಂಡೆ, ಏಕೆಂದರೆ ಅದು ಪುನರುಕ್ತಿಯಲ್ಲ.

ಕಿವಿಗೆ ದಿನವೂ ಸ್ವಲ್ಪ ವ್ಯಾಯಾಮ ಬೇಕು. ರೇಡಿಯೊ ಸಂದರ್ಶನವೊಂದರ ಎರಡು ನಿಮಿಷ ಕೇಳಿ, ನಿಲ್ಲಿಸಿ, ಮಾತನ್ನು ಇದ್ದ ಹಾಗೆ ಬರೆದು, ಮತ್ತೆ ಕೇಳಿ ತಿದ್ದಿ. ನೀವು ಬಿಟ್ಟ ಪದಗಳು ಯಾವುವು ಎಂದು ನೋಡಿ. ವಾರ ಕಳೆಯುವಷ್ಟರಲ್ಲಿ ನಿಮ್ಮ ಕಿವಿ ಯಾವ ಬಗೆಯ ಪದವನ್ನು ಸದಾ ಬಿಡುತ್ತದೆ ಎಂಬುದು ತಿಳಿಯುತ್ತದೆ. ನನ್ನದು 'ಆದರೂ' ಎಂಬುದನ್ನು ಬಿಡುತ್ತಿತ್ತು.

ಕೊನೆಯದಾಗಿ, ಅವರವೇ ಮಾತುಗಳಿರುವ ಭಾಗವನ್ನು ಅವರಿಗೆ ಓದಿ ಹೇಳಿ. ಇದನ್ನು ಒಪ್ಪದ ಸಂಪಾದಕರಿದ್ದಾರೆ, ಲೇಖನ ದುರ್ಬಲವಾಗುತ್ತದೆ ಎನ್ನುತ್ತಾರೆ. ನನ್ನ ಅನುಭವದಲ್ಲಿ ಹಾಗಾದದ್ದು ತೀರ ಅಪರೂಪ. ಇದು ಇನ್ನೊಂದು ಸಲ ಕೇಳಿಸಿಕೊಳ್ಳಲು ಸಿಗುವ ಅವಕಾಶ. ನರ್ಸ್ ಅವರಿಗೆ ಫೋನಿನಲ್ಲಿ ಓದಿದೆ. ಹಿಂದಿನ ಬಾಗಿಲಿನ ವಾಕ್ಯ ಬಂದಾಗ ನಿಲ್ಲಿಸಿ, ಇಲ್ಲಿ ನೀವು 'ಅವನು' ಎಂದಿದ್ದೀರಿ, 'ಅವರು' ಎಂದು ತಿದ್ದಬೇಕೇ ಎಂದು ಕೇಳಿದೆ. ಆ ಕಡೆ ಮೌನ. ಗೋಡೆಯ ಗಡಿಯಾರ ನೋಡಿದೆ, ಹನ್ನೊಂದು ಸೆಕೆಂಡು. "ಬೇಡ, ಹಾಗೇ ಇರಲಿ" ಎಂದರು. ಮತ್ತೆ ತುಸು ತಡೆದು, "ಅದರ ಮುಂದೆ 'ಬೇಸರದಿಂದ ಹೇಳಿದರು' ಎಂದು ಬರೆದಿದ್ದೀರಲ್ಲ, ಅದನ್ನು ತೆಗೆಯಿರಿ. ಅದು ಬೇಸರವಲ್ಲ, ಸಿಟ್ಟು."